ಪಿಕಪ್‌ನ ಕ್ರೋಮ್ ಗ್ರಿಲ್‌ಗೆ ಮನೆಯಲ್ಲೇ ಮ್ಯಾಟ್ ಕಪ್ಪು

ಕ್ರೋಮ್ ಮೇಲೆ ನೇರವಾಗಿ ಸ್ಪ್ರೇ ಹೊಡೆದರೆ ನಾಲ್ಕು ವಾಟರ್‌ವಾಶ್‌ಗೆ ಬಣ್ಣ ಸಿಪ್ಪೆಯಂತೆ ಏಳುತ್ತದೆ. ಕೆಲಸದ ಮುಕ್ಕಾಲು ಪಾಲು ಉಜ್ಜುವುದೇ.

ಸ್ಕ್ರೂ ತೆಗೆದು ಕ್ಲಿಪ್‌ಗಳನ್ನು ಒಂದೊಂದಾಗಿ ಒತ್ತಿ ಗ್ರಿಲ್ ಬಿಡಿಸಿ. ಜಗ್ಗಿದರೆ ಲಾಕ್ ಮುರಿಯುತ್ತದೆ. ಬಿಸಿಲು ತಿಂದ ಹಳೇ ಪ್ಲಾಸ್ಟಿಕ್ ಅಂತೂ ಕೇಳಲೇಬೇಡಿ. ಪಾತ್ರೆ ತೊಳೆಯುವ ಲಿಕ್ವಿಡ್‌ನಲ್ಲಿ ತೊಳೆದು, ಮೊದಲು 320, ಆಮೇಲೆ 600 ನಂಬರ್ ವಾಟರ್ ಪೇಪರಿನಲ್ಲಿ ನೀರು ಹಾಕಿ ಉಜ್ಜಿ. ಹೊಳಪು ಪೂರ್ತಿ ಹೋಗಿ ಮಂಕು ಬೂದು ಕಾಣಬೇಕು. ಸಂದಿಯಲ್ಲಿ ಹೊಳಪು ಉಳಿದರೆ ಬಣ್ಣ ಬಿಡುವುದು ಅಲ್ಲಿಂದಲೇ.

ಒಣಗಿದ ಮೇಲೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ, ಮತ್ತೆ ಬರಿಗೈ ತಾಗಿಸಬೇಡಿ. ಪಾಲಿಶ್‌ನ ಸಿಲಿಕೋನ್ ಚೂರು ಉಳಿದರೂ ಬಣ್ಣದಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತವೆ.

ಪ್ಲಾಸ್ಟಿಕ್ ಪ್ರೈಮರ್ 2 ಕೋಟ್, ಮ್ಯಾಟ್ ಬ್ಲ್ಯಾಕ್ 3, ಅದರ ಮೇಲೆ ಮ್ಯಾಟ್ ಕ್ಲಿಯರ್ (ಬಣ್ಣವಿಲ್ಲದ ರಕ್ಷಣಾ ಪದರ) 2. ಸುಮಾರು 25 ಸೆಂ.ಮೀ. ದೂರದಿಂದ ತೆಳುವಾಗಿ ಹೊಡೆದು, ಪ್ರತಿ ಕೋಟ್‌ಗೂ 10–15 ನಿಮಿಷ ಬಿಡಿ; ಒಂದೇ ಸಲ ದಪ್ಪ ಹೊಡೆದರೆ ಸೋರಿ ಗೆರೆ ಕಟ್ಟುತ್ತದೆ. ಜಡಿಮಳೆ ಹಿಡಿದ ದಿನ ಬೇಡ, ತೇವಕ್ಕೆ ಬಣ್ಣ ಬೆಳ್ಳಗಾಗುತ್ತದೆ. 24 ಗಂಟೆ ಬಿಟ್ಟು ಕೂರಿಸಿ, ಒಂದು ವಾರ ಪ್ರೆಶರ್ ವಾಶ್ ಮಾಡಿಸಬೇಡಿ.

ಇದೇ ಉಮೇದಿನಲ್ಲಿ ಬಾಡಿ ಬಣ್ಣಕ್ಕೂ ಕೈ ಹಾಕುವವರು ಮೊದಲು ಆರ್‌ಟಿಒಗೆ ಹೋಗಿ. ಬಣ್ಣ ಆರ್‌ಸಿಯಲ್ಲಿ ನಮೂದಾಗಿರುತ್ತದೆ.