ಜೀವಕೋಶವಿಲ್ಲದ ಗುಳಿಯಲ್ಲೂ ನೇರಳೆ ಬಣ್ಣ

ಮೈಸೂರಿನಲ್ಲಿ ಸಂಶೋಧನಾ ವಿದ್ಯಾರ್ಥಿನಿಯಾಗಿದ್ದಾಗ ನಾನು ಲಕ್ಷ್ಮಣಫಲದ ಎಲೆಯ ಸಾರವನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಎಂಸಿಎಫ್-7 ಎಂಬ ಸ್ತನ ಕ್ಯಾನ್ಸರ್ ಜೀವಕೋಶಗಳ ಮೇಲೆ ಪರೀಕ್ಷಿಸಿದ್ದೆ. ಶ್ರೀರಂಗಪಟ್ಟಣದ ಬಳಿಯ ತೋಟದಿಂದ ತಂದ ಎಲೆಯನ್ನು ನೆರಳಿನಲ್ಲಿ ಒಣಗಿಸಿ, ಪುಡಿ ಮಾಡಿ, ಸಾಕ್ಸ್‌ಲೆಟ್ ಉಪಕರಣದಲ್ಲಿ ಮೆಥನಾಲ್‌ನಿಂದ ಸಾರ ತೆಗೆದೆ. ದ್ರಾವಕ ಆರಿದ ಮೇಲೆ ತಳದಲ್ಲಿ ಕಡುಹಸಿರು ಅಂಟು ಉಳಿಯಿತು.

ಎಂಟಿಟಿ ಪರೀಕ್ಷೆಯಲ್ಲಿ ಬದುಕಿರುವ ಜೀವಕೋಶಗಳು ಎಂಟಿಟಿ ಎಂಬ ಹಳದಿ ರಾಸಾಯನಿಕವನ್ನು ನೇರಳೆ ಬಣ್ಣದ ಫಾರ್ಮಜಾನ್ ಆಗಿ ಬದಲಾಯಿಸುತ್ತವೆ. ಅವು ಸತ್ತಷ್ಟೂ ಬಣ್ಣ ತಿಳಿಯಾಗುತ್ತದೆ. ನನ್ನ 96 ಗುಳಿಗಳ ತಟ್ಟೆಯಲ್ಲಿ ಸಾರದ ಪ್ರಮಾಣ ಏರಿದಂತೆ ನೇರಳೆ ಮಸುಕಾಗುತ್ತ ಬಂದು, ಅತಿ ಹೆಚ್ಚು ಪ್ರಮಾಣವಿದ್ದ ಸಾಲಿನಲ್ಲಿ ಮತ್ತೆ ಗಾಢವಾಯಿತು. ಅಳತೆಯಲ್ಲಿ ತಪ್ಪಿದೆನೆಂದುಕೊಂಡು ಎರಡು ಸಲ ಪುನಃ ಮಾಡಿದರೂ ಫಲ ಅದೇ. ಕೊನೆಗೆ, ಜೀವಕೋಶಗಳೇ ಇಲ್ಲದ ಗುಳಿಗಳಿಗೆ ಸಾರ ಮತ್ತು ಎಂಟಿಟಿ ಮಾತ್ರ ಹಾಕಿದಾಗ ಅಲ್ಲಿಯೂ ನೇರಳೆ ಮೂಡಿತು. ಎಲೆಯಲ್ಲಿರುವ ಪಾಲಿಫೀನಾಲ್ ಎಂಬ ರಾಸಾಯನಿಕಗಳು ಜೀವಕೋಶಗಳ ನೆರವಿಲ್ಲದೆ ತಾವೇ ಎಂಟಿಟಿಯನ್ನು ಅಪಕರ್ಷಿಸಿ ನೇರಳೆಯಾಗಿಸುತ್ತಿದ್ದವು. ಅಂದಿನಿಂದ ಎಂಟಿಟಿ ಹಾಕುವ ಮುನ್ನ ಸಾರವಿರುವ ಮಾಧ್ಯಮವನ್ನು ತೆಗೆದು ಗುಳಿ ತೊಳೆಯುವುದನ್ನೂ, ಪ್ರೋಟೀನಿಗೆ ಅಂಟುವ ಸಲ್ಫೊರೋಡಮೈನ್ ಬಿ ಬಣ್ಣದಿಂದ ಫಲಿತಾಂಶ ತಾಳೆ ನೋಡುವುದನ್ನೂ ನಾನು ಎಂದೂ ಬಿಟ್ಟಿಲ್ಲ.

ಸರಿಪಡಿಸಿದ ಅಳತೆಯಲ್ಲಿ ಕ್ಯಾನ್ಸರ್ ಜೀವಕೋಶಗಳು ಸತ್ತದ್ದು ನಿಜ. ಆದರೆ ಆರೋಗ್ಯವಂತ ಜೀವಕೋಶಗಳೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಸತ್ತವು. ನನ್ನ ಮಟ್ಟಿಗೆ ಅತಿ ಮುಖ್ಯವಾದ ಫಲಿತಾಂಶ ಇದೇ.

ಆ ದಿನಗಳಲ್ಲೇ ಮಂಡ್ಯದಿಂದ ಚಿಕ್ಕಪ್ಪ ಫೋನ್ ಮಾಡಿ, "ಆ ಎಲೆ ಕುದಿಸಿ ಕುಡಿದ್ರೆ ಗಡ್ಡೆ ಕರಗ್ತದಂತೆ, ನಿಮ್ಮ ಚಿಕ್ಕಮ್ಮಂಗೆ ನಾಲ್ಕು ದಿನದಿಂದ ಕೊಡ್ತಾ ಇದ್ದೀನಿ, ಸರಿ ತಾನೆ ಅವ್ವ?" ಎಂದು ಕೇಳಿದರು. ನಿಲ್ಲಿಸಿ ಎಂದೆ. ಲಕ್ಷ್ಮಣಫಲದಲ್ಲಿರುವ ಅನೊನಾಸಿನ್ ಎಂಬ ರಾಸಾಯನಿಕ ನರಕೋಶಗಳಿಗೆ ಹಾನಿ ಮಾಡಬಲ್ಲದು; ಕೆರಿಬಿಯನ್ ಸಮುದ್ರದ ಗ್ವಾಡಲೂಪ್ ದ್ವೀಪದಲ್ಲಿ ಈ ಹಣ್ಣು ಮತ್ತು ಎಲೆಯ ಕಷಾಯವನ್ನು ಹೆಚ್ಚು ಸೇವಿಸುವವರಲ್ಲಿ ಪಾರ್ಕಿನ್ಸನ್‌ನಂಥ ಕಾಯಿಲೆ ಕಂಡುಬಂದುದನ್ನು 1999ರಲ್ಲಿ ವೈದ್ಯರು ವರದಿ ಮಾಡಿದ್ದಾರೆ. "ಹಾಗಾದರೆ ಗಿಡದಿಂದ ಔಷಧಿಯೇ ಬರುವುದಿಲ್ಲವೇ?" ಎಂಬ ಅವರ ಪ್ರಶ್ನೆ ನ್ಯಾಯವಾದದ್ದೇ. ನಮ್ಮ ಅಂಗಳದ ನಿತ್ಯಪುಷ್ಪದಿಂದ ಬಂದ ವಿನ್‌ಕ್ರಿಸ್ಟಿನ್ ಎಂಬ ಔಷಧಿ 1963ರಿಂದ ರಕ್ತ ಕ್ಯಾನ್ಸರ್‌ಗೆ ಬಳಕೆಯಲ್ಲಿದೆ. ಆದರೆ ಎಲೆಯಲ್ಲಿ ಅದು ಇರುವುದು ಅತ್ಯಲ್ಪ. ಬೇರ್ಪಡಿಸಿ, ಶುದ್ಧಿ ಮಾಡಿ, ದೇಹಕ್ಕೆ ತಕ್ಕ ಪ್ರಮಾಣ ಗೊತ್ತುಮಾಡಿ ರಕ್ತನಾಳಕ್ಕೆ ಕೊಡುತ್ತಾರೆ, ಕಷಾಯವಾಗಿ ಅಲ್ಲ.

ಮುಂದಿನ ಕಿಮೋಥೆರಪಿಯ ದಿನ ಚಿಕ್ಕಮ್ಮನೇ ನಾಲ್ಕು ದಿನದ ಕಷಾಯದ ವಿಷಯವನ್ನು ವೈದ್ಯರಿಗೆ ತಿಳಿಸಿದರು.