ಹಳೇ ಸಿಡಿ ಪ್ಲೇಯರ್ ಎಸೆಯುವ ಮುಂಚೆ

ನನ್ನ ಸಿಡಿ ಪ್ಲೇಯರ್‌ಗೆ 20 ವರ್ಷ ದಾಟಿದೆ. ಮೊದಲ ಹಾಡುಗಳು ಚೆನ್ನಾಗಿಯೇ ಬರುತ್ತಿದ್ದವು, ಕೊನೆಯ ಎರಡು ಮೂರು ಹಾಡಿಗೆ ಬಂದಾಗ ತೊದಲಲು ಶುರು. ಲೇಸರ್ ಹೋಯ್ತು, ಇನ್ನು ಹೊಸದೇ ಗತಿ ಅಂದುಕೊಂಡಿದ್ದೆ. ಆಮೇಲೆ ಹೊಳೆಯಿತು: ಸಿಡಿ ಓದುವುದು ಒಳಗಿನಿಂದ ಹೊರಗೆ, ಅಲ್ವಾ? ಕೊನೆಯ ಹಾಡುಗಳಿಗೆ ಲೆನ್ಸ್ ಹೊರ ಅಂಚಿನ ಕಡೆ ಸರಿಯಬೇಕು, ಅದು ಅಲ್ಲೇ ಸಿಕ್ಕಿಕೊಳ್ಳುತ್ತಿರಬಹುದು. ಲೇಸರ್ ಸೋತಿದ್ದರೆ ಡಿಸ್ಕ್ ಗುರುತಿಸುವುದಕ್ಕೇ ಒದ್ದಾಡುತ್ತಿತ್ತು, ನಾವೇ ಬರೆದ ಸಿಡಿ-ಆರ್ ಅಂತೂ ಮೊದಲೇ ಕೈ ಕೊಡುತ್ತಿತ್ತು, ಯಾಕಂದ್ರೆ ಅದು ಬೆಳಕನ್ನು ಕಡಿಮೆ ವಾಪಸ್ ಕಳಿಸುತ್ತದೆ. ನನ್ನದರಲ್ಲಿ ಅದೂ ಓಡುತ್ತಿತ್ತು.

ಪ್ಲಗ್ ಕಿತ್ತು ಮುಚ್ಚಳ ಬಿಚ್ಚಿದೆ. ಲೆನ್ಸ್ ಓಡಾಡುವ ಕಂಬಿಯ ಮೇಲೆ ಗ್ರೀಸ್ ಒಣಗಿ ಅಂಟಾಗಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ ಹೊಸ ಗ್ರೀಸ್ ಚೂರೇ ಚೂರು ಹಚ್ಚಿದೆ, ಲೆನ್ಸನ್ನೂ ಹತ್ತಿ ಕಡ್ಡಿಯಿಂದ ಮೆಲ್ಲಗೆ ಸವರಿದೆ (ಒತ್ತಬೇಡಿ, ಅದು ಕೂದಲಿನಂಥ ಸ್ಪ್ರಿಂಗ್ ಮೇಲೆ ನಿಂತಿರುತ್ತದೆ). ಟ್ರೇ ಸಿಕ್ಕಿಕೊಳ್ಳುತ್ತಿದ್ದದ್ದು ರಬ್ಬರ್ ಬೆಲ್ಟ್ ಸಡಿಲವಾಗಿ, ಅದನ್ನೂ ಬದಲಿಸಿದೆ. ಈಗ ಕೊನೆಯ ಹಾಡೂ ಸಲೀಸು.

ಪಿಕಪ್ಪೇ (ಲೇಸರ್, ಲೆನ್ಸ್ ಎರಡೂ ಇರುವ ಭಾಗ) ಹೋಗಿ, ಆ ಮಾಡೆಲ್‌ಗೆ ಬಿಡಿಭಾಗವೂ ಸಿಗದೇ ಇದ್ದಿದ್ದರೆ ಸುಮ್ನೆ ಹೊಸದೇ ತರುತ್ತಿದ್ದೆ. ಲೇಸರ್ ಪವರ್ ಜಾಸ್ತಿ ಮಾಡುವ ತಿರುಪಿಗೆ ಮಾತ್ರ ಕೈ ಹಾಕಲಿಲ್ಲ, ಸ್ವಲ್ಪ ದಿನ ಓಡಿದರೂ ಲೇಸರ್ ಬೇಗ ಸವೆಯುತ್ತದೆ.