ಮನೆ ಖಾಲಿ ಮಾಡೋ ಹೊತ್ತಿಗೆ ಮೀನಿಗೂ ಒಂದು ಕಿಟ್ ರೆಡಿ ಇರಲಿ

ಪ್ರವಾಹನೋ ಬೆಂಕಿನೋ, ತಕ್ಷಣ ಮನೆ ಬಿಡಿ ಅಂದಾಗ ಮೀನು ಸಾಕಿದವ್ರು ಏನ್ಮಾಡ್ತಾರೆ ಗೊತ್ತಾ? ಸಿಕ್ಕಿದ ಕವರ್ ತಗೊಂಡು ಬಾಯಿವರೆಗೆ ನೀರು ತುಂಬಿ, ಪಾಪ ಸಾಲದೇ ಹೋದ್ರೆ ಅಂತ ಇನ್ನೊಂದು ಚೊಂಬು ಸುರಿದು, ಬಿಗಿಯಾಗಿ ಗಂಟು ಹಾಕಿ ಓಡ್ತಾರೆ. ಒಳಗೆ ಗಾಳಿಗೆ ಜಾಗನೇ ಇಲ್ಲ. ಮೀನು ಉಸಿರುಕಟ್ಟಿ ಸಾಯುತ್ತೆ, ಇವರು ನೀರು ಕಮ್ಮಿ ಆಯ್ತೇನೋ ಅಂದ್ಕೋತಾರೆ.

ಮೊದಲು ಸಾಮಾನು. ಮುಚ್ಚಳ ಇರೋ ಬಕೆಟ್ (ಸೋಪು, ಫಿನಾಯಿಲ್ ಯಾವತ್ತೂ ಮುಟ್ಟಿರ್ಬಾರ್ದು, ಎಷ್ಟು ತೊಳೆದ್ರೂ ಹಳೇ ಬಕೆಟ್ ಬೇಡವೇ ಬೇಡ), ಎರಡು ಬಲೆ, ಮೀನು ತುಂಬೋ ದಪ್ಪ ಕವರ್, ರಬ್ಬರ್ ಬ್ಯಾಂಡ್, ಬ್ಯಾಟರಿ ಏರ್ ಪಂಪ್, ಅದರ ಟ್ಯೂಬು ಮತ್ತೆ ಏರ್ ಸ್ಟೋನ್ (ಟ್ಯೂಬಿನ ತುದಿಗೆ ಹಾಕೋ, ಗಾಳಿನ ಸಣ್ಣ ಗುಳ್ಳೆ ಮಾಡೋ ಕಲ್ಲು), ಆಂಟಿ ಕ್ಲೋರಿನ್ (ನಲ್ಲಿ ನೀರಿನ ಕ್ಲೋರಿನ್ ತೆಗೆಯೋ ಔಷಧಿ), ಅಮೋನಿಯಾ ಟೆಸ್ಟ್ ಕಿಟ್, ಥರ್ಮಾಮೀಟರ್, ಮುಚ್ಚಳ ಇರೋ ಥರ್ಮೋಕೋಲ್ ಡಬ್ಬ, ಹಳೇ ಟವೆಲ್. ಪವರ್ ಬ್ಯಾಂಕಿಗೆ ಹಾಕೋ ಪಂಪ್ ತಗೊಳ್ಳೋದಾದ್ರೆ ಮನೇಲೇ ಒಂದ್ಸಲ ಓಡಿಸಿ ನೋಡಿ, ಕೆಲವು ಪವರ್ ಬ್ಯಾಂಕು ಇಷ್ಟು ಕಮ್ಮಿ ಕರೆಂಟ್ ಎಳೆಯೋದನ್ನ ಲೆಕ್ಕಕ್ಕೇ ತಗೊಳ್ದೆ ತಾನಾಗೇ ಆಫ್ ಆಗ್ಬಿಡುತ್ತೆ. ಜಿಪ್ ಇರೋ ಅಡುಗೆಮನೆ ಕವರ್ ನಂಬ್ಬೇಡಿ, ಸೋರುತ್ತೆ. ಆಕ್ಸಿಜನ್ ಮಾತ್ರೆಗೆ ದುಡ್ಡು ಹಾಕೋ ಬದ್ಲು ಇನ್ನೊಂದು ಸೆಟ್ ಬ್ಯಾಟರಿ ತಗೊಳ್ಳಿ.

ಆಹಾರ? ಚಿಕ್ಕ ಡಬ್ಬಿ ಸಾಕು. ಆರೋಗ್ಯವಾಗಿರೋ ದೊಡ್ಡ ಮೀನು ಒಂದು ವಾರ ಉಪವಾಸ ಇದ್ರೂ ಏನೂ ಆಗಲ್ಲ, ಹೊರಡೋ ಹಿಂದಿನ ದಿನ ಹಾಕ್ದೇ ಇದ್ರೆ ಇನ್ನೂ ಒಳ್ಳೇದು. ತಿಂದ ಮೀನು ಗಲೀಜು ಮಾಡುತ್ತೆ, ಅದು ಅಮೋನಿಯಾ ಆಗುತ್ತೆ, ಅಷ್ಟು ಸಣ್ಣ ನೀರಲ್ಲಿ ಅದೇ ವಿಷ.

ಹಿಡಿಯೋದಕ್ಕೆ ಮುಂಚೆ ಹೀಟರು, ಫಿಲ್ಟರು ಎರಡರದ್ದೂ ಪ್ಲಗ್ ಕೀಳಿ. ಬಿಸಿ ಹೀಟರ್ ನೀರಿಂದ ಹೊರಗೆ ಬಂದ್ರೆ ಗಾಜು ಸಿಡೀಬಹುದು. ಆಮೇಲೆ ಟ್ಯಾಂಕಿನ ನೀರು ಬಕೆಟ್ಟಿಗೆ ಇಳಿಸಿ ಮೂರನೇ ಒಂದು ಭಾಗಕ್ಕೆ ತನ್ನಿ, ಕಲ್ಲು ಗಿಡ ಎತ್ತಿಡಿ. ತುಂಬಿದ ಟ್ಯಾಂಕಲ್ಲಿ ಬಲೆ ಹಿಡ್ಕೊಂಡು ಅಟ್ಟಾಡಿಸಿದ್ರೆ ಅರ್ಧ ಜೀವ ಅಲ್ಲೇ ಹೋಗಿರುತ್ತೆ.

ಈಗ ಕವರ್ ಕಟ್ಟೋದು, ಎಲ್ರೂ ಕೆಡಿಸೋದು ಇಲ್ಲೇ. ನೀರು ಮೂರನೇ ಒಂದು ಪಾಲು ಮಾತ್ರ, ಅದೂ ಟ್ಯಾಂಕಿನ ಮೇಲ್ಗಡೆಯ ತಿಳಿ ನೀರು, ಉಳಿದಿದ್ದೆಲ್ಲ ಗಾಳಿ. ಮೀನು ಮುಳುಗಿದ್ರೆ ಸಾಕು. ಗಾಳಿ ತುಂಬಕ್ಕೆ ಬಾಯಿಂದ ಊದೋರು ಇದಾರೆ, ದಯವಿಟ್ಟು ಬೇಡ, ನಾವು ಬಿಡೋ ಉಸಿರಲ್ಲಿ ಆಕ್ಸಿಜನ್ 21 ಪರ್ಸೆಂಟಿಂದ 16ರ ಹತ್ರ ಇಳಿದಿರುತ್ತೆ, ಕಾರ್ಬನ್ ಡೈ ಆಕ್ಸೈಡ್ 4 ಪರ್ಸೆಂಟ್ ಸೇರ್ಕೊಂಡಿರುತ್ತೆ. ಕವರ್ ಬಾಯಿ ಅಗಲ ಮಾಡಿ ಒಂದ್ಸಲ ಬೀಸಿದ್ರೆ ಗಾಳಿ ತಾನೇ ತುಂಬುತ್ತೆ, ತಕ್ಷಣ ಕತ್ತು ಹಿಡಿದು ತಿರುಚಿ, ತಿರುಚಿದ್ದನ್ನ ಮಡಚಿ, ರಬ್ಬರ್ ಬ್ಯಾಂಡ್ ಸುತ್ತಿ. ಬೆರಳಲ್ಲಿ ಒತ್ತಿದ್ರೆ ಬಲೂನ್ ತರ ಟಣ್ ಅನ್ಬೇಕು. ಆಮೇಲೆ ಇದನ್ನ ಇನ್ನೊಂದು ಕವರೊಳಗೆ ಗಂಟು ಕೆಳಗೆ ಬರೋ ಹಾಗೆ ತಲೆಕೆಳಗಾಗಿ ಇಳಿಸಿ. ಯಾಕಂದ್ರೆ ಕವರಿನ ತಳದ ಎರಡು ಚೂಪು ಮೂಲೆಗೆ ಗಪ್ಪಿ, ಟೆಟ್ರಾ ಅಂಥ ಚಿಕ್ಕವು ನುಗ್ಗಿ ಸಿಕ್ಕಾಕೊಂಡು ಜಜ್ಜಿ ಹೋಗ್ತವೆ, ತಲೆಕೆಳಗೆ ಮಾಡಿದ್ರೆ ಆ ಮೂಲೆಗಳು ನೀರಿಂದ ಮೇಲೆ ಹೋಗ್ಬಿಡುತ್ತೆ. ದೊಡ್ಡ ಮೀನಿನ ಕವರಾದ್ರೆ ಡಬ್ಬದಲ್ಲಿ ಅಡ್ಡ ಮಲಗಿಸಿದ್ರೆ ನೀರಿಗೆ ಗಾಳಿ ತಾಗೋ ಜಾಗ ಜಾಸ್ತಿ, ನಾನಂತೂ ಮಲಗಿಸೋದೇ. ಸಕ್ಕರ್, ಕ್ಯಾಟ್‌ಫಿಶ್‌ಗೆ ಮುಳ್ಳಿರುತ್ತೆ, ಕವರ್ ತೂತು ಮಾಡ್ತವೆ, ಅವನ್ನ ಬಕೆಟ್ಟಿಗೇ ಬಿಡಿ. ಫೈಟರ್ (ಬೆಟ್ಟಾ ಮೀನು) ಒಂದೊಂದಕ್ಕೆ ಒಂದೊಂದು ಕವರ್, ಅದು ಮೇಲೆ ಬಂದು ಗಾಳಿ ನುಂಗೋ ಮೀನು ಬೇರೆ, ಮೇಲೆ ಜಾಗ ಇರ್ಲೇಬೇಕು.

ಫಿಲ್ಟರಿನ ಸ್ಪಂಜು ಬಿಟ್ಟು ಹೋಗ್ಬೇಡಿ. ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾ ಇರೋದು ಅದರಲ್ಲೇ, ಮೀನಿರೋ ಬಕೆಟ್ಟಲ್ಲೇ ಏರ್ ಸ್ಟೋನ್ ಪಕ್ಕ ಹಾಕಿಡಿ. ಒಣಗಿದ್ರೂ ಸಾಯ್ತವೆ, ಗಾಳಿಯಿಲ್ದೆ ಮುಚ್ಚಿಟ್ರೂ ಸಾಯ್ತವೆ. ತುಂಬಾ ಹೊತ್ತು ನಿಂತಿದ್ದ ಕ್ಯಾನಿಸ್ಟರ್ ಫಿಲ್ಟರನ್ನ (ಟ್ಯಾಂಕಿನ ಹೊರಗೆ ಇಡೋ ಮುಚ್ಚಿದ ಡಬ್ಬದ ಫಿಲ್ಟರ್) ವಾಪಸ್ ಬಂದು ಹಾಗೇ ಆನ್ ಮಾಡ್ಬೇಡಿ, ಒಳಗಿನ ಕೊಳೆತ ನೀರೆಲ್ಲ ಟ್ಯಾಂಕಿಗೆ ಬರುತ್ತೆ.

ತಲುಪಿದ ಮೇಲೆ ಇನ್ನೊಂದು ಎಡವಟ್ಟು. ಕವರ್ ಕಟ್ಟಿ ಒಂದೆರಡು ಗಂಟೆ ಆಗಿದ್ರೆ ಹೊಸ ನೀರಿನ ಮೇಲೆ 15-20 ನಿಮಿಷ ತೇಲಿಸಿ, ಸ್ವಲ್ಪ ಸ್ವಲ್ಪ ಹೊಸ ನೀರು ಸೇರಿಸ್ತಾ ಬಿಡಿ, ಮುಗೀತು. ಇಡೀ ದಿನ ಮುಚ್ಚಿದ್ದ ಕವರಿಗೆ ಈ ನಿಧಾನ ಬೇಡ. ಮೀನು ಬಿಟ್ಟ ಕಾರ್ಬನ್ ಡೈ ಆಕ್ಸೈಡಿಂದ ಆ ನೀರಿನ ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಅನ್ನೋ ಅಳತೆ) ಇಳಿದಿರುತ್ತೆ, ಹಾಗಾಗಿ ಅಮೋನಿಯಾ ಅಷ್ಟಾಗಿ ಕಾಡದ ರೂಪದಲ್ಲಿ ಇರುತ್ತೆ. ಕವರ್ ಬಿಚ್ಚಿದ್ರೆ ಆ ಗ್ಯಾಸ್ ಹೋಗಿ ಪಿಎಚ್ ಏರುತ್ತೆ, ಅದೇ ಅಮೋನಿಯಾ ವಿಷ ಆಗುತ್ತೆ, ಆ ನೀರಲ್ಲೇ ಮೀನು ಕೂರಿಸ್ಕೊಂಡು ಹನಿ ಹನಿ ನೀರು ಬಿಡ್ತಾ ಕೂತ್ರೆ ಕೊಲ್ಲೋದೇ ನಾವು. ಮುಚ್ಚಿದ ಕವರನ್ನೇ ತೇಲಿಸಿ ಎರಡೂ ನೀರಿನ ಬಿಸಿ ಒಂದೇ ಆಗೋ ಹಾಗೆ ಮಾಡಿ, ಬಿಚ್ಚಿದ ತಕ್ಷಣ ಬಲೆಯಲ್ಲಿ ಎತ್ತಿ ಬಿಡಿ. ಕವರಿನ ನೀರು ಹೊರಗೆ ಚೆಲ್ಲಿ.

ಬಕೆಟ್ಟಲ್ಲೇ ದಿನ ಕಳೀಬೇಕಾಗಿ ಬಂದ್ರೆ ಪಂಪ್ ನಿಲ್ಲಿಸ್ಬೇಡಿ, ದಿನಾ ಅಮೋನಿಯಾ ನೋಡಿ ಕಾಲು ಭಾಗ ನೀರು ಬದಲಾಯಿಸಿ, ನಲ್ಲಿ ನೀರಾದ್ರೆ ಆಂಟಿ ಕ್ಲೋರಿನ್ ಹಾಕಿ. ಕಿಟ್ ಎತ್ತಿಡುವಾಗ ಪಂಪಿಂದ ಬ್ಯಾಟರಿ ತೆಗೆದು ಬೇರೆ ಇಡಿ, ಒಳಗೇ ಇದ್ರೆ ಸೋರಿ ಪಂಪೇ ಹೋಗುತ್ತೆ.